ಅಜ್ಜಿಯ ಬೆಂಡೋಲೆಯ ಕಲ್ಲು: ಕೆಂಪೋ, ಮಾಣಿಕ್ಯವೋ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಅಜ್ಜಿ ತೀರಿಕೊಂಡ ಮೇಲೆ ಅವರ ಒಡವೆಗಳ ಪಟ್ಟಿ ಮಾಡುತ್ತಿದ್ದೇವೆ. ಅದರಲ್ಲಿ ಕೆಂಪು ಕಲ್ಲಿನ ಒಂದು ಜೊತೆ ಬೆಂಡೋಲೆ ಇದೆ. ಮನೆಯಲ್ಲಿ ಎಲ್ಲರೂ ಅದನ್ನು 'ಕೆಂಪಿನ ಬೆಂಡೋಲೆ' ಎಂದೇ ಕರೆಯುವುದು. ಚಿನ್ನದಂಗಡಿಯವರು ನೋಡಿ 'ರೂಬಿ' ಎಂದರು. ಜೋಯಿಸರು 'ಪದ್ಮರಾಗ' ಎಂದರು. ಚಿಕ್ಕಪ್ಪ 'ಮಾಣಿಕ್ಯ ಅಂತ ಬರೆ, ಒಂದು ಗೌರವ ಇರುತ್ತದೆ' ಎನ್ನುತ್ತಾರೆ. ಮಲಯಾಳಂ ಮೀಡಿಯಂನಲ್ಲಿ ಓದುವ ಮಗಳು 'ಮಾಣಿಕ್ಯಂ ಮಲಯಾಳದ ಪದ ಅಲ್ವಾ, ನಾವು ಅವರಿಂದ ತಗೊಂಡದ್ದಾ?' ಎಂದು ಕೇಳಿದಳು. ಇವೆಲ್ಲ ಒಂದೇ ಕಲ್ಲಿನ ಹೆಸರಾ? ಮಾಣಿಕ್ಯ ಎಂದರೆ ನಿಜವಾಗಿ ಏನು? ಪಟ್ಟಿಯಲ್ಲಿ ಏನು ಬರೆಯಲಿ?

ಉತ್ತರ: ಮೊದಲು ಮಗಳ ಪ್ರಶ್ನೆಯನ್ನೇ ಹಿಡಿಯೋಣ. ನಿಮ್ಮದಕ್ಕಿಂತ ಅದರಲ್ಲೇ ಹುರುಳು ಜಾಸ್ತಿ ಇದೆ, ಬೇಸರ ಮಾಡಿಕೊಳ್ಳಬೇಡಿ.

ಮಾಣಿಕ್ಯ ಎಂಬ ಪದ ಮಲಯಾಳದಿಂದ ನಮಗೆ ಬಂದದ್ದಲ್ಲ. ನಮ್ಮಿಂದ ಅವರಿಗೆ ಹೋದದ್ದೂ ಅಲ್ಲ. ಇಬ್ಬರಿಗೂ ಸಂಸ್ಕೃತದಿಂದ ಬಂತು. ಅದರ ಬುಡದಲ್ಲಿರುವುದು 'ಮಣಿ'. ಮಣಿಗೆ 'ಕ' ಸೇರಿದರೆ 'ಮಣಿಕ'. ಮಣಿಕದಿಂದ ಮಾಣಿಕ್ಯ. 'ಅಧಿಕ' ಎಂಬುದು 'ಆಧಿಕ್ಯ' ಆಗುತ್ತದಲ್ಲ, ಅದೇ ದಾರಿ. ಮೊದಲ ಅಕ್ಷರಕ್ಕೆ ದೀರ್ಘ, ಕೊನೆಗೆ ಒಂದು 'ಯ'. ತಮಿಳಿನವರು ಮಾಣಿಕ್ಕಂ ಎಂದರು, ಮಲಯಾಳದವರು ಮಾಣಿಕ್ಯಂ ಎಂದರು, ಮರಾಠಿಯವರು ಮಾಣಿಕ್ ಎಂದರು. ನಮ್ಮಲ್ಲಿ ಮಾಣಿಕ್ಯವೂ ಇದೆ, ಮಾಣಿಕವೂ ಇದೆ.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಹವ್ಯಕರ ಮನೆಗಳಲ್ಲಿ ಹುಡುಗನನ್ನು 'ಮಾಣಿ' ಎನ್ನುತ್ತಾರೆ. 'ನಮ್ಮ ಮಾಣಿ ಮಾಣಿಕ್ಯದ ಹಾಗೆ, ಅದಕ್ಕೇ ಆ ಹೆಸರು' ಎಂದು ಮದುವೆ ಮನೆಯಲ್ಲಿ ಒಬ್ಬರು ಭಾಷಣವನ್ನೇ ಮಾಡಿದ್ದರು. ಕೇಳಲು ಚೆಂದ, ನಿಜ ಅಲ್ಲ. ಆ ಮಾಣಿ ಬಂದದ್ದು 'ಮಾಣವ'ದಿಂದ. ಅಂದರೆ ಎಳೆಯ ಹುಡುಗ, ಬ್ರಹ್ಮಚಾರಿ. ಕಲ್ಲಿಗೂ ಅವನಿಗೂ ನಂಟಿಲ್ಲ.

ಈಗ ಅರ್ಥಕ್ಕೆ ಬರೋಣ. ಮಾಣಿಕ್ಯ ಎಂಬ ಪದವನ್ನು ಎಷ್ಟು ಬಿಡಿಸಿದರೂ ಅದರೊಳಗೆ ಕೆಂಪು ಬಣ್ಣ ಸಿಗುವುದಿಲ್ಲ. ಸಿಗುವುದು ಬರೀ ಮಣಿ. ಮಣಿ ಎಂದರೆ ಪೋಣಿಸುವ ಹರಳು, ಮೈಮೇಲೆ ಕಟ್ಟಿಕೊಳ್ಳುವ ಬೆಲೆಬಾಳುವ ವಸ್ತು. ಕರಿಮಣಿಯ ಮಣಿ ಅದೇ. ಮುಂಗೈಯ ಗಂಟಿಗೆ 'ಮಣಿಕಟ್ಟು' ಎನ್ನುವುದು ಅಲ್ಲಿ ಮಣಿ ಕಟ್ಟುತ್ತಿದ್ದ ಕಾರಣಕ್ಕೆ. ನಿಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ 'ಮಣಿ ಎತ್ರಯಾಯಿ?' ಎಂದು ಕೇಳಿದರೆ ಗಂಟೆ ಎಷ್ಟಾಯಿತು ಎಂದರ್ಥ. ಮಲಯಾಳದಲ್ಲಿ ಮಣಿ ಎಂದರೆ ಗಂಟೆಯೂ ಹೌದು, ಕಾಳೂ ಹೌದು. ಉರುಟಾಗಿ, ಚಿಕ್ಕದಾಗಿ ಇರುವುದಕ್ಕೆಲ್ಲ ಸಲ್ಲುವ ಪದ ಅದು.

ಮಾಣಿಕ್ಯ ಎಂದರೆ ಬರೀ 'ರತ್ನ' ಎಂಬ ಬಳಕೆ ನಿಮ್ಮ ಸುತ್ತಲೇ ಇನ್ನೂ ಉಳಿದಿದೆ. ನಾವು 'ನಾಗಮಣಿ' ಎನ್ನುವುದನ್ನು ಮಲಯಾಳದಲ್ಲಿ 'ನಾಗಮಾಣಿಕ್ಯಂ' ಎನ್ನುತ್ತಾರೆ. ಅದು ಕೆಂಪಗೆ ಇರಬೇಕು ಎಂದೇನೂ ಇಲ್ಲ, ಹಾವಿನ ಹೆಡೆಯಲ್ಲಿ ಹೊಳೆಯುವ ರತ್ನ ಅಷ್ಟೆ. (ಅಂಥದ್ದು ಯಾವ ಹಾವಿನ ತಲೆಯಲ್ಲೂ ಇರುವುದಿಲ್ಲ. ಯಾರಾದರೂ ಚೀಲದಲ್ಲಿ ಕಟ್ಟಿ ತಂದು ತೋರಿಸಿದರೆ ಗೇಟಿನ ಹೊರಗಿಂದಲೇ ಕಳಿಸಿ.)

ಇನ್ನೊಂದು ಕುರುಹು ಹಳೆಯ ಸಂಸ್ಕೃತ ನಿಘಂಟು ಅಮರಕೋಶದಲ್ಲಿದೆ. ಕೆಂಪು ರತ್ನಕ್ಕೆ ಅಲ್ಲಿ ಮೂರು ಹೆಸರು ಕೊಟ್ಟಿದ್ದಾರೆ: ಶೋಣರತ್ನ, ಲೋಹಿತಕ, ಪದ್ಮರಾಗ. ಶೋಣ ಎಂದರೂ ಕೆಂಪು, ಲೋಹಿತ ಎಂದರೂ ಕೆಂಪು. ಆ ಸಾಲಿನಲ್ಲಿ ಮಾಣಿಕ್ಯ ಇಲ್ಲವೇ ಇಲ್ಲ! 'ರತ್ನ' ಎಂದಷ್ಟೇ ಅರ್ಥವಿದ್ದ ಪದ ರತ್ನಗಳಲ್ಲಿ ದೊಡ್ಡದಾದ ಒಂದಕ್ಕೆ ಅಂಟಿಕೊಂಡಿತು. ನಮ್ಮಲ್ಲಿ 'ಪೇಟೆ' ಎಂದರೆ ಹತ್ತಿರದ ಒಂದೇ ಪೇಟೆ ಎಂದು ಎಲ್ಲರಿಗೂ ಗೊತ್ತಾಗುವ ಹಾಗೆ.

ನಿಮ್ಮ ಜೋಯಿಸರು ಹೇಳಿದ ಪದ್ಮರಾಗ ಹಾಗಲ್ಲ, ಅದು ಬಣ್ಣದಿಂದಲೇ ಬಂದ ಹೆಸರು. ಪದ್ಮ ಎಂದರೆ ತಾವರೆ. ರಾಗ ಎಂದರೆ ಇಲ್ಲಿ ಹಾಡುವ ರಾಗ ಅಲ್ಲ, ಬಣ್ಣ. ರಂಗು, ರಂಜನೆ, ರಕ್ತ ಎಲ್ಲವೂ ಒಂದೇ ಧಾತುವಿನ ಮಕ್ಕಳು. ರಕ್ತ ಎಂದರೂ ಮೂಲದಲ್ಲಿ 'ಬಣ್ಣ ಹಾಕಿದ್ದು' ಎಂದೇ. ಪದ್ಮರಾಗ ಎಂದರೆ ಕೆಂದಾವರೆಯ ಬಣ್ಣದ್ದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಖಜಾನೆಗೆ ಬರುವ ಮಣಿಗಳ ಲೆಕ್ಕ ಹೇಳುವಾಗ ಪದ್ಮರಾಗದ ಪಕ್ಕದಲ್ಲೇ 'ಪಾರಿಜಾತಪುಷ್ಪಕ', 'ಬಾಲಸೂರ್ಯಕ' ಎಂಬ ಹೆಸರುಗಳಿವೆ. ಪಾರಿಜಾತದ ತೊಟ್ಟನ್ನು ನೋಡಿದವರಿಗೆ ಅದು ಯಾವ ಕೆಂಪು ಎಂದು ಹೇಳಬೇಕಾಗಿಲ್ಲ. ಬಾಲಸೂರ್ಯಕ ಎಂದರೆ ಬೆಳಗ್ಗೆ ಹುಟ್ಟುವ ಎಳೆ ಸೂರ್ಯನಂಥದ್ದು. ಆ ಕಾಲದ ಪರೀಕ್ಷಕರು ಒಂದು ಕೆಂಪಿನಲ್ಲಿ ಎಷ್ಟು ಕೆಂಪುಗಳನ್ನು ಕಂಡಿದ್ದರು ನೋಡಿ. ಈಗಿನ ಅಂಗಡಿಯಲ್ಲಿ ಎಲ್ಲದಕ್ಕೂ ರೂಬಿ.

ಪದ್ಮರಾಗಕ್ಕೆ ಇನ್ನೊಂದು ತಮಾಷೆಯ ಕಥೆಯಿದೆ. ಇದೇ ಪದ ಸಿಂಹಳ ಭಾಷೆಗೆ ಹೋಗಿ, ಅಲ್ಲಿಂದ ಯುರೋಪಿನವರ ಬಾಯಿಗೆ ಬಿದ್ದು 'ಪದ್ಪರಾಜ' ಎಂಬಂತೆ ಆಯಿತು. ಇವತ್ತು ರತ್ನ ವ್ಯಾಪಾರದಲ್ಲಿ ಆ ಹೆಸರು ಮಾಣಿಕ್ಯಕ್ಕೆ ಅಲ್ಲ. ಗುಲಾಬಿಯೂ ಅಲ್ಲದ ಕಿತ್ತಳೆಯೂ ಅಲ್ಲದ ಒಂದು ಬಣ್ಣದ ನೀಲದ ಜಾತಿಯ ಕಲ್ಲಿಗೆ. ಸಿಂಹಳದ ಪದ್ಪರಾಜ ಕೊಟ್ಟರೆ ಜೋಯಿಸರು ಪದ್ಮರಾಗ ಎಂದು ಒಪ್ಪಲಿಕ್ಕಿಲ್ಲ!

ಮೂರನೆಯ ಹಳೆಯ ಹೆಸರು ಕುರುವಿಂದ. ಆರನೆಯ ಶತಮಾನದ ವರಾಹಮಿಹಿರ ಪದ್ಮರಾಗ ಹುಟ್ಟುವ ಮೂಲಗಳನ್ನು ಹೇಳುವಾಗ ಸೌಗಂಧಿಕ, ಕುರುವಿಂದ, ಸ್ಫಟಿಕ ಎಂದು ಮೂರನ್ನು ಎಣಿಸುತ್ತಾನೆ. ಇದೇ ಕುರುವಿಂದದ ಒರಟು ಕಲ್ಲನ್ನು ಪುಡಿ ಮಾಡಿ, ಅರಗಿನಲ್ಲಿ ಕಲಸಿ, ಸಾಣೆಯ ಚಕ್ರ ಮಾಡುತ್ತಿದ್ದರು. ರತ್ನ ಉಜ್ಜುವವರಿಗೆ ಬೇಕಾದ್ದು ಅದೇ. ತಮಿಳಿನ 'ಕುರುಂದಂ' ಎಂಬ ರೂಪವನ್ನು ಯುರೋಪಿನವರು ಎತ್ತಿಕೊಂಡರು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬ ಇಂಗ್ಲಿಷಿನವರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಈ ಕಲ್ಲಿನ ಬಗ್ಗೆ ಬರೆದರು. ಇವತ್ತು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯನ್ನು ಕೇಳಿದರೂ ಮಾಣಿಕ್ಯದ ಖನಿಜದ ಹೆಸರು 'ಕೊರಂಡಮ್' ಎನ್ನುತ್ತಾರೆ. ನಮ್ಮ ಸಾಣೆಯವರ ಕಲ್ಲಿನ ಹೆಸರು ಅದು.

ಇಷ್ಟಾಯಿತು. ಆದರೆ ನನಗೆ ಎಲ್ಲಕ್ಕಿಂತ ಇಷ್ಟದ ಹೆಸರು ನಿಮ್ಮ ಅಜ್ಜಿ ಹೇಳುತ್ತಿದ್ದದ್ದು.

'ಕೆಂಪು' ಎಂದರೆ ಬಣ್ಣ ಎಂದಷ್ಟೇ ನಾವೀಗ ತಿಳಿದಿದ್ದೇವೆ. ಹಳೆಯ ಕನ್ನಡಿಗರಿಗೆ ಅದು ಕಲ್ಲಿನ ಹೆಸರೂ ಆಗಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನಲ್ಲಿ ಕೆಂಪು ಎಂಬ ಪದಕ್ಕೆ ಬಣ್ಣ ಎಂಬ ಅರ್ಥದ ಜೊತೆಗೆ ಮಾಣಿಕ್ಯ ಎಂಬ ಅರ್ಥವೂ ಇದೆ. ಅಜ್ಜಿ 'ಕೆಂಪಿನ ಬೆಂಡೋಲೆ' ಎಂದಾಗ ಬಣ್ಣ ಹೇಳುತ್ತಿರಲಿಲ್ಲ. ಹಾಗಿದ್ದರೆ 'ಕೆಂಪು ಬೆಂಡೋಲೆ' ಎನ್ನುತ್ತಿದ್ದರು. 'ಕೆಂಪಿನ' ಎಂದರೆ 'ಮುತ್ತಿನ', 'ಹವಳದ' ಎಂದ ಹಾಗೆ. ಆ ಒಂದು 'ಇನ' ನೋಡಿ, ಅದರಲ್ಲೇ ಎಲ್ಲ ಇದೆ.

ಈಗ ಮಗಳನ್ನು ಹತ್ತಿರ ಕೂರಿಸಿಕೊಳ್ಳಿ. ಅವಳಿಗೆ ಎರಡು ಭಾಷೆ ಗೊತ್ತಿರುವುದರಿಂದ ಇದು ಬೇಗ ತಿಳಿಯುತ್ತದೆ. ಕನ್ನಡದಲ್ಲಿ 'ಕಿ', 'ಕೆ' ಇರುವ ಎಷ್ಟೋ ಕಡೆ ಮಲಯಾಳದಲ್ಲಿ 'ಚಿ', 'ಚೆ' ಇರುತ್ತದೆ. ನಮ್ಮ ಕಿವಿ ಅವರ ಚೆವಿ. ನಮ್ಮ ಕೆರೆ ಅವರ ಚಿರ. ನಮ್ಮ ಕಿರು ಅವರ ಚೆರು. ಕೆಮ್ಮಣ್ಣು ಅಲ್ಲಿ ಚೆಮ್ಮಣ್ಣ್, ಕೆಂದಾವರೆ ಅಲ್ಲಿ ಚೆಂದಾಮರ. ತೆಲುಗಿನಲ್ಲೂ ಹೀಗೇ: ಕಿವಿಗೆ ಚೆವಿ, ಕೆರೆಗೆ ಚೆರುವು. ತಮಿಳಿನಲ್ಲಿ ಅದು 'ಸ'ಕಾರದ ಹಾಗೆ ಕೇಳುತ್ತದೆ, ಸೆವಿ, ಸಿವಪ್ಪು. ಹಳೆಯ 'ಕ'ಕಾರವನ್ನು ಗಟ್ಟಿಯಾಗಿ ಉಳಿಸಿಕೊಂಡದ್ದು ಕನ್ನಡ. ತುಳುವಿನಲ್ಲೂ ಕಿವಿಗೆ ಕೆಬಿ ಎಂದೇ ಹೇಳುವುದು.

ಹೀಗಿರುವಾಗ ಮಾಣಿಕ್ಯಕ್ಕೆ ತಮಿಳಿನಲ್ಲಿ 'ಕೆಂಪು' ಎಂಬ ಪದ ಇದೆ. ತೆಲುಗಿನಲ್ಲೂ 'ಕೆಂಪು' ಎಂದರೆ ಮಾಣಿಕ್ಯ. ಅವರು ಬಣ್ಣಕ್ಕೆ ದಿನಾ ಬಳಸುವುದು ಸಿವಪ್ಪು, ಎರುಪು. ಆದರೆ ಕಲ್ಲಿಗೆ ಮಾತ್ರ ಕೆಂಪು! ಅವರದೇ ಪದ ಆಗಿದ್ದರೆ 'ಚೆಂ' ಎಂದೋ 'ಸೆಂ' ಎಂದೋ ಶುರುವಾಗಬೇಕಿತ್ತು. ಗಟ್ಟಿ 'ಕೆ' ಹಾಗೇ ಉಳಿದಿದೆ ಎಂದರೆ ಕನ್ನಡದ ಕಡೆಯಿಂದ ಕಲ್ಲಿನ ಜೊತೆಗೇ ಹೆಸರೂ ಹೋಗಿದೆ. ಭರತನಾಟ್ಯದ ಹುಡುಗಿಯರು ಹಾಕುವ ಕೆಂಪು ಕಲ್ಲಿನ ನೆತ್ತಿಚುಟ್ಟಿ, ಜುಮುಕಿಗಳಿಗೆ ಚೆನ್ನೈಯಲ್ಲೂ 'ಕೆಂಪ್' ಸೆಟ್ ಎಂದೇ ಹೆಸರು. ನಾಗರಕೋಯಿಲಿನ ವಡಸೇರಿಯಲ್ಲಿ ಅದನ್ನು ಮಾಡುವ ಆಚಾರಿಗಳ ಮನೆಗಳಿವೆ. ಈಗಿನ ಸೆಟ್ಟುಗಳಲ್ಲಿ ಹೆಚ್ಚಿನವು ಗಾಜು ಅಥವಾ ತಯಾರಿಸಿದ ಕಲ್ಲು, ಅದು ಬೇರೆ ಮಾತು. ಹೆಸರು ಮಾತ್ರ ಅಪ್ಪಟ ಕನ್ನಡ.

ನಾವು ಕೊಟ್ಟದ್ದಷ್ಟೇ ಅಲ್ಲ, ತಂದದ್ದೂ ಇದೆ. ಅಡುಗೆ ಮನೆಯ ಚೆಂಬು ನೋಡಿ. ಮಲಯಾಳದಲ್ಲಿ ಚೆಂಬ್ ಎಂದರೆ ತಾಮ್ರ, ಕೆಂಪು ಲೋಹ. ಕೆಂಪು, ಚೆಂಬು ಎರಡೂ ಒಂದೇ ಬೇರಿನ ಪದಗಳು. ಅಲ್ಲಿ ಲೋಹಕ್ಕೆ ಹೆಸರಾದದ್ದು ಇಲ್ಲಿಗೆ ಪಾತ್ರೆಯಾಗಿ ಬಂತು. ನಾವು ಅವರ 'ಚ'ಕಾರವನ್ನು ಬದಲಾಯಿಸದೆ ಹಾಗೇ ಇಟ್ಟುಕೊಂಡೆವು. ನಿಮ್ಮ ಮಗಳು 'ನಾವು ಅವರಿಂದ ತಗೊಂಡದ್ದಾ?' ಎಂದು ಕೇಳಬೇಕಾದದ್ದು ಮಾಣಿಕ್ಯದ ಬಗ್ಗೆ ಅಲ್ಲ, ನೀರು ಕುಡಿಯುವ ಚೆಂಬಿನ ಬಗ್ಗೆ.

ಉತ್ತರದ ಕಡೆ ಇದು ತಲೆಕೆಳಗಾಗಿ ನಡೆದಿದೆ. ಪಾರಸಿಯ 'ಲಾಲ್' ಮೊದಲು ಕೆಂಪು ರತ್ನದ ಹೆಸರು, ಹಿಂದಿಗೆ ಬಂದು ಕೆಂಪು ಬಣ್ಣವೇ ಆಯಿತು. ನಮ್ಮಲ್ಲಿ ಬಣ್ಣ ಕಲ್ಲಾಯಿತು, ಅಲ್ಲಿ ಕಲ್ಲು ಬಣ್ಣವಾಯಿತು. ರೂಬಿಯೂ ನಮ್ಮ ದಾರಿಯದ್ದೇ: ಲ್ಯಾಟಿನ್ನಿನಲ್ಲಿ 'ರುಬೆರ್' ಎಂದರೆ ಕೆಂಪು. ಹಾಗಾಗಿ ಚಿನ್ನದಂಗಡಿಯವರು ಅಜ್ಜಿ ಹೇಳಿದ್ದನ್ನೇ ಲ್ಯಾಟಿನ್ನಿನಲ್ಲಿ ಹೇಳಿದರು. ನಿಮ್ಮ ನೆರೆಮನೆಯ ಬ್ಯಾರಿಗಳನ್ನೋ ಮಾಪ್ಪಿಳೆಯವರನ್ನೋ ಕೇಳಿದರೆ ಇನ್ನೊಂದು ಹೆಸರು ಸಿಗಬಹುದು, ಯಾಕೂತ್. ಅದು ಅರಬಿ. ಕುರಾನಿನ ಅರ್ರಹ್ಮಾನ್ ಅಧ್ಯಾಯದಲ್ಲಿ ಯಾಕೂತ್ ಮತ್ತು ಮರ್ಜಾನ್ (ಹವಳ) ಜೊತೆಯಾಗಿ ಬರುತ್ತವೆ. ಅದರ ಮೂಲ ಗ್ರೀಕಿನ ಒಂದು ಹೂವಿನ ಹೆಸರು. ತಾವರೆ, ಪಾರಿಜಾತದ ಹಾಗೆ ಅಲ್ಲಿಯೂ ಹೂವೇ!

ಕಾಸರಗೋಡಿನಲ್ಲಿ ಕೂತು ಈ ಮಾತು ಆಡುವಾಗ ಒಂದು ತೊಡಕಿದೆ. ಅಲ್ಲಿ 'ಕೆಂಪು ಕಲ್ಲು ಬೇಕು' ಎಂದು ಫೋನ್ ಮಾಡಿದರೆ ಮರುದಿನ ಅಂಗಳಕ್ಕೆ ಲಾರಿ ಬರುತ್ತದೆ. ಮನೆ ಕಟ್ಟುವ ಮುರಕಲ್ಲಿಗೆ ಕೆಂಪುಕಲ್ಲು ಎಂದೇ ರೂಢಿ, ಮಲಯಾಳದಲ್ಲಿ ಚೆಂಗಲ್ಲ್. ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟದ್ದು ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದವರು. ಮಲಪ್ಪುರದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ, ಲ್ಯಾಟಿನ್ನಿನ 'ಇಟ್ಟಿಗೆ' ಎಂಬ ಪದದಿಂದ ಆ ಹೆಸರಿಟ್ಟರು. ಅವರ ಪುಸ್ತಕ 1807ರಲ್ಲಿ ಬಂತು.

ಗಮ್ಮತ್ತು ಏನೆಂದರೆ ಈ ಎರಡು ಕೆಂಪುಕಲ್ಲುಗಳೂ ಅಷ್ಟೇನೂ ದೂರದವಲ್ಲ. ಮುರಕಲ್ಲಿನಲ್ಲಿ ಕಬ್ಬಿಣದ ಜೊತೆ ಅಲ್ಯೂಮಿನಿಯಂ ಧಾರಾಳ ಇರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಬಾಕ್ಸೈಟ್ ಸಿಗುವುದು ಅದೇ ಕಾರಣಕ್ಕೆ. ಮಾಣಿಕ್ಯ ಎಂದರೂ ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಹರಳುಗಟ್ಟಿದ್ದು. ಮುರಕಲ್ಲು ಕೆಂಪಾಗುವುದು ಕಬ್ಬಿಣದ ತುಕ್ಕಿನಿಂದ. ಮಾಣಿಕ್ಯ ಕೆಂಪಾಗುವುದು ಚೂರೇ ಚೂರು ಕ್ರೋಮಿಯಂನಿಂದ. ಆ ಕ್ರೋಮಿಯಂ ಇಲ್ಲದೆ ಕಬ್ಬಿಣವೂ ಟೈಟಾನಿಯಮ್ಮೂ ಸ್ವಲ್ಪ ಸೇರಿದರೆ ಅದೇ ಹರಳು ನೀಲವಾಗುತ್ತದೆ. ನವರತ್ನದಲ್ಲಿ ಮಾಣಿಕ್ಯ ಸೂರ್ಯನದು, ನೀಲ ಶನಿಯದು. ಪುರಾಣದಲ್ಲಿ ಅಪ್ಪ ಮಗ, ಇಬ್ಬರಿಗೂ ಆಗಿಬರುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಬೇಡಿ ಎಂದು ಜೋಯಿಸರು ಹೇಳುತ್ತಾರೆ. ಖನಿಜದ ಲೆಕ್ಕದಲ್ಲಿ ಇಬ್ಬರೂ ಒಂದೇ ರಕ್ತ. ಈ ಮಾತನ್ನು ನಿಮ್ಮ ಜೋಯಿಸರ ಹತ್ತಿರ ನನ್ನ ಹೆಸರು ಹೇಳಿ ಆಡಬೇಡಿ.

ಇನ್ನು ಪಟ್ಟಿಯ ವಿಷಯ. ಇದರಲ್ಲಿ ನನಗೆ ಸ್ವಂತ ಪೆಟ್ಟು ಬಿದ್ದಿದೆ. ನಮ್ಮ ಮನೆಯಲ್ಲಿ ಪಾಲಾದಾಗ ಪಟ್ಟಿ ಬರೆದವನು ನಾನೇ. ಒಂದು ಜೊತೆ ಓಲೆಗೆ 'ಮಾಣಿಕ್ಯದ ಓಲೆ' ಎಂದು ಅಂದವಾಗಿ ಬರೆದೆ. ಒಬ್ಬ ಚಿನ್ನದಂಗಡಿಯವರು ಕಣ್ಣಳತೆಯಲ್ಲೇ ಹೌದು ಎಂದಿದ್ದರು. ಅದು ಅಕ್ಕನ ಪಾಲಿಗೆ ಹೋಯಿತು, ಅದರ ಬೆಲೆಗೆ ತಕ್ಕ ಹಾಗೆ ಅವಳಿಗೆ ಬೇರೆ ಕಡೆ ಕಡಿಮೆ ಸಿಕ್ಕಿತು. ವರ್ಷಗಳ ಮೇಲೆ ಪರೀಕ್ಷೆ ಮಾಡಿಸಿದರೆ ಕಲ್ಲು ಕಾರ್ಖಾನೆಯದ್ದು. ಅಕ್ಕ ಇವತ್ತಿಗೂ ನನ್ನನ್ನು 'ಮಾಣಿಕ್ಯ' ಎಂದು ಕರೆಯುತ್ತಾಳೆ. ಹೊಗಳಿಕೆಯಲ್ಲಿ ಅಲ್ಲ.

ಕಾರ್ಖಾನೆಯ ಮಾಣಿಕ್ಯ ಹೊಸದೇನಲ್ಲ. 1902ರಲ್ಲೇ ಫ್ರಾನ್ಸಿನ ಆಗಸ್ಟ್ ವರ್ನೊಯ್ ಅದನ್ನು ಮಾಡುವ ವಿಧಾನವನ್ನು ಹೊರಗೆ ಹೇಳಿದರು. ಅಲ್ಯೂಮಿನಿಯಂ ಆಕ್ಸೈಡಿನ ಪುಡಿಗೆ ಸ್ವಲ್ಪ ಕ್ರೋಮಿಯಂ ಬೆರೆಸಿ, 2,000 ಡಿಗ್ರಿ ದಾಟಿದ ಜ್ವಾಲೆಯೊಳಗೆ ಉದುರಿಸುವುದು. ಕರಗಿದ ಹನಿ ಹನಿ ಕೆಳಗೆ ಬಿದ್ದು ಕೆಲವೇ ಗಂಟೆಗಳಲ್ಲಿ ಒಂದು ಹರಳು ಬೆಳೆಯುತ್ತದೆ. ಅದು ಗಾಜಲ್ಲ, ಮೋಸದ ಕಲ್ಲೂ ಅಲ್ಲ. ಖನಿಜದ ಲೆಕ್ಕದಲ್ಲಿ ಮಾಣಿಕ್ಯವೇ, ನೆಲದಲ್ಲಿ ಹುಟ್ಟಿದ್ದಲ್ಲ ಅಷ್ಟೆ. ಹಳೆಯ ಎಚ್‌ಎಂಟಿ ವಾಚಿನ ಮೇಲೆ '17 ಜ್ಯುವೆಲ್ಸ್' ಎಂದು ಬರೆದಿರುತ್ತಿತ್ತಲ್ಲ, ಆ ಹದಿನೇಳೂ ಇಂಥವೇ ಪುಟ್ಟ ಕೆಂಪುಗಳು. ಸವೆಯಬಾರದು ಎಂದು ಚಕ್ರಗಳ ಅಚ್ಚಿನ ತುದಿ ತಿರುಗುವಲ್ಲಿ ಕೂರಿಸುತ್ತಿದ್ದರು. ಹಾಗಾಗಿ ಅಜ್ಜಿಯ ಮದುವೆ 1940ರ ಸುಮಾರಿಗೆ ಆಗಿದ್ದರೆ, ಒಡವೆ ಹಳತು ಎಂಬ ಕಾರಣಕ್ಕೆ ಕಲ್ಲು ಗಣಿಯದ್ದು ಎಂದು ನಂಬಲು ಬರುವುದಿಲ್ಲ.

ಹತ್ತು ಪಟ್ಟು ದೊಡ್ಡದಾಗಿ ಕಾಣುವ ಲೆನ್ಸ್ ಹಿಡಿದರೆ ತಿಳಿದವರಿಗೆ ಕೆಲವು ಗುರುತು ಸಿಗುತ್ತವೆ. ಜ್ವಾಲೆಯಲ್ಲಿ ಮಾಡಿದ ಕಲ್ಲಿನೊಳಗೆ ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ಬಾಗಿದ ಗೆರೆಗಳು, ಉರುಟು ಗಾಳಿಗುಳ್ಳೆಗಳು ಇರುತ್ತವೆ. ನೆಲದ ಕಲ್ಲಿನಲ್ಲಿ ಹಲವು ಸಲ ಕೂದಲೆಳೆಗಿಂತ ಸಣ್ಣ ಸೂಜಿಗಳು ಕಾಣುತ್ತವೆ, ಅದಕ್ಕೆ 'ರೇಷ್ಮೆ' ಎನ್ನುತ್ತಾರೆ. ಹಳೆಯ ಬೆಂಡೋಲೆಗಳಲ್ಲಿ ಕಲ್ಲಿನ ಹಿಂದುಗಡೆ ಮುಚ್ಚಿ, ಹೊಳಪಿಗೆ ಬಣ್ಣದ ತಗಡು ಇಟ್ಟಿರುವುದೂ ಉಂಟು. ಆಗ ಮೇಲಿಂದ ನೋಡಿ ಹೇಳಿದ ಯಾವ ಮಾತೂ ಗಟ್ಟಿಯಲ್ಲ. ಗೀರಿ ನೋಡುವ ಪರೀಕ್ಷೆ ಮಾತ್ರ ಯಾರಿಗೂ ಮಾಡಲು ಬಿಡಬೇಡಿ. ಮಾಣಿಕ್ಯದ ಗಡಸುತನ ಹತ್ತರಲ್ಲಿ ಒಂಬತ್ತು, ಅದಕ್ಕೇನೂ ಆಗದು. ಆದರೆ ನಿಮ್ಮ ಕಲ್ಲು ಗಾರ್ನೆಟ್ ಎಂಬ ಬೇರೆ ಕೆಂಪು ಕಲ್ಲೋ ಗಾಜೋ ಆಗಿದ್ದರೆ ಸುಮ್ನೆ ಅಜ್ಜಿಯ ಓಲೆ ಹಾಳಾಗುತ್ತದೆ.

ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಚಿನ್ನ ಮಾರುವವರಲ್ಲಿ ಬೇಡ, ರತ್ನ ಪರೀಕ್ಷೆಯ ಲ್ಯಾಬಿನಲ್ಲಿ ಮಾಡಿಸಿ, ಬರಹದಲ್ಲಿ ವರದಿ ತೆಗೆದುಕೊಳ್ಳಿ. ವರದಿ ಬಂದ ಮೇಲೆ ಚಿಕ್ಕಪ್ಪನ ಇಷ್ಟದಂತೆ ಮಾಣಿಕ್ಯ ಎಂದು ಬರೆಯಬಹುದು. ಅಲ್ಲಿಯವರೆಗೆ ಹೀಗೆ ಬರೆಯಿರಿ: 'ಕೆಂಪಿನ ಬೆಂಡೋಲೆ, ಒಂದು ಜೊತೆ, ಕಲ್ಲು ಪರೀಕ್ಷೆ ಆಗಿಲ್ಲ'. ಪಕ್ಕದಲ್ಲಿ ಒಂದೊಂದರಲ್ಲಿ ಎಷ್ಟು ಕಲ್ಲು, ಕಲ್ಲು ಸೇರಿ ಎಷ್ಟು ಗ್ರಾಂ ಎಂಬುದೂ ಇರಲಿ. ಒಂದು ಕಲ್ಲು ಉದುರಿ ಹೋಗಿದ್ದರೆ ಅದನ್ನೂ ಬರೆದುಬಿಡಿ.